ಎಂಟನೇ ಡಬ್ಬಿ

ಅಕ್ಕನ ಮಗಳ ಮದುವೆಗೆ ಇನ್ನು ಇಪ್ಪತ್ತೆರಡು ದಿನ ಇರುವಾಗ ನಮ್ಮ ಮನೆಯಲ್ಲಿ ಖಾತೆ ಹಂಚಿಕೆ ನಡೆಯಿತು. ಅಡುಗೆಯವರ ಖಾತೆ ಭಾವನಿಗೆ, ಒಡವೆ-ಸೀರೆ ಅಕ್ಕನಿಗೆ. ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ, ಯಾರನ್ನು ಯಾರ ಪಕ್ಕ ಊಟಕ್ಕೆ ಕೂರಿಸಬಾರದು ಎಂಬ ಗೃಹಖಾತೆ ಎಂದಿನಂತೆ ಅತ್ತಿಗೆಗೆ. ಖಾತೆಯಿಲ್ಲದ ಮಂತ್ರಿಯ ಹಾಗೆ ಕಾಫಿ ಕುಡಿಯುತ್ತ ಕೂತಿದ್ದ ನನಗೆ ಕೊನೆಗೆ ಬಂದದ್ದು, ಮದುಮಗಳ ಏಳು ಜನ ಗೆಳತಿಯರಿಗೆ ಕೊಡಬೇಕಾದ ‘ಥ್ಯಾಂಕ್ಯೂ ಗಿಫ್ಟ್’ ಆರಿಸುವ ಕೆಲಸ.

“ಚಿಕ್ಕೀ, ಸುಮ್ನೆ ಏನೋ ಒಂದು ಕೊಟ್ಟು ಕೈ ತೊಳ್ಕೊಳ್ಳೋದಲ್ಲ. ತುಂಬಾ ಥಾಟ್‌ಫುಲ್ ಆಗಿರ್ಬೇಕು,” ಎಂದಳು ಹುಡುಗಿ, ಫೋನಿನಿಂದ ಕಣ್ಣು ತೆಗೆಯದೆ.

“ನಿನ್ನ ಗೆಳತೀರು ಕಣೇ. ನೀನೇ ಯೋಚನೆ ಮಾಡಿದ್ರೆ ಚೆನ್ನಾಗಿರುತ್ತಲ್ವಾ?”

“ಯೋಚನೆ ಮಾಡೋಕೆಲ್ಲ ನಂಗೆಲ್ಲಿ ಟೈಮಿದೆ ಚಿಕ್ಕಿ?”

ಅಲ್ಲಿಗೆ ಹಂಚಿಕೆ ಸ್ಪಷ್ಟವಾಯಿತು. ಥಾಟು ನನ್ನದು, ಫುಲ್ಲು ಅವಳದು, ಬಿಲ್ಲು ಭಾವನದು.

ಈ ಏಳು ಜನ ಬರೀ ಗೆಳತಿಯರಲ್ಲ, ಬ್ರೈಡ್ಸ್‌ಮೇಡ್‌ಗಳು. ಅವರಿಗೊಂದು ವಾಟ್ಸ್ಆ್ಯಪ್ ಗುಂಪು, ಗುಂಪಿಗೊಂದು ಹೆಸರು, ಹೆಸರಿನ ಎರಡೂ ಕಡೆ ಕಿರೀಟದ ಚಿತ್ರ. ಅರಿಶಿನದ ಶಾಸ್ತ್ರಕ್ಕೆ, ಕ್ಷಮಿಸಿ, ಹಲ್ದಿಗೆ ಎಲ್ಲರದೂ ಒಂದೇ ಹಳದಿ. ಮೆಹೆಂದಿಗೆ ಒಂದೇ ಹಸಿರು. ಸಂಗೀತಕ್ಕೆ ಒಂದೇ ಗುಲಾಬಿ. ‘ಸಂಗೀತ’ ಎಂದರೆ ಯಾರೂ ಹಾಡದ ಕಾರ್ಯಕ್ರಮ ಎಂಬುದು ನಮಗೆ ಈಗ ಗೊತ್ತು. ಮೊದಲ ಸಲ ಇಂಥದ್ದಕ್ಕೆ ಕರೆ ಬಂದಾಗ ನಮ್ಮ ದೊಡ್ಡಮ್ಮ ಪಾಪ, ಎರಡು ದೇವರನಾಮ ಅಭ್ಯಾಸ ಮಾಡಿಕೊಂಡು ಹೋಗಿದ್ದರು.

ಎಂಬತ್ತಮೂರು ದಾಟಿದ ನಮ್ಮಮ್ಮನಿಗೆ ಈ ಪದವೇ ಹಿಡಿಸಲಿಲ್ಲ. “ಮೇಡು ಅಂದ್ರೆ ಮನೆಕೆಲ್ಸದೋಳಲ್ವೇನೇ? ಮದುಮಗಳಿಗೆ ಏಳು ಜನ ಕೆಲ್ಸದೋರು ಯಾತಕ್ಕೆ?” ಎಂದು ಕೇಳಿದರು. ಹದಿನಾಲ್ಕು ವರ್ಷದಿಂದ ಅಕ್ಕನ ಮನೆಗೆ ಬರುತ್ತಿರುವ ಕೆಲಸದಾಕೆ ಅಲ್ಲೇ ನೆಲ ಒರೆಸುತ್ತಿದ್ದಳು. ಬಟ್ಟೆ ಹಿಂಡುತ್ತ ತಲೆ ಎತ್ತಿ, “ಹಂಗಾರೆ ನಂಗೂ ಒಂದು ಡಬ್ಬಿ ಐತಾ ಅಕ್ಕ?” ಎಂದಳು. ಎಲ್ಲರೂ ಗೊಳ್ಳೆಂದು ನಕ್ಕೆವು. ಅವಳು ನಗಲಿಲ್ಲ; ಬಕೆಟ್ಟು ಎತ್ತಿಕೊಂಡು ಹಜಾರಕ್ಕೆ ಹೋದಳು.

ನಮ್ಮಲ್ಲಿ ಈ ಹುದ್ದೆ ಇರಲೇ ಇಲ್ಲವೆಂದಲ್ಲ. ಕಳಸಗಿತ್ತಿ ಎಂಬ ಚೆಂದದ ಹೆಸರೇ ಇತ್ತು. ಮದುಮಗಳ ಹಿಂದೆ ಕಳಸ ಹಿಡಿದು ನಿಲ್ಲುವವಳು, ತಂಗಿಯೋ ನಾದಿನಿಯೋ. ಏಳು ಜನ ಬೇಕಿರಲಿಲ್ಲ, ಒಬ್ಬಳು ಸಾಕಾಗುತ್ತಿತ್ತು. 1989ರಲ್ಲಿ ತಿಪಟೂರಿನ ನಮ್ಮ ಮನೆ ಮುಂದೆ, ತೆಂಗಿನ ಗರಿಯ ಚಪ್ಪರದಡಿ, ಇದೇ ಅಕ್ಕನ ಮದುವೆಯಲ್ಲಿ ನಾನು ಆ ಹುದ್ದೆಗೆ ನೇಮಕಗೊಂಡಿದ್ದೆ. ವಯಸ್ಸು ಹದಿನೈದು. ಅರ್ಹತೆ, ತಂಗಿಯಾಗಿ ಹುಟ್ಟಿದ್ದು. ಕಳಸವೆಂದರೆ ಏನೋ ಅಂದುಕೊಳ್ಳಬೇಡಿ. ನೀರು ತುಂಬಿದ ಹಿತ್ತಾಳೆ ಚೊಂಬು, ಬಾಯಿಗೆ ವೀಳ್ಯದೆಲೆ, ಅದರ ಮೇಲೊಂದು ತೆಂಗಿನಕಾಯಿ. ಊರು ತಿಪಟೂರು, ಬೇರೆ ಯಾವುದರಲ್ಲಿ ಜಿಪುಣತನ ಮಾಡಿದರೂ ಕಾಯಿಯಲ್ಲಿ ಮಾಡುವವರಲ್ಲ. ತೋಟದಲ್ಲೇ ದಪ್ಪನೆಯದನ್ನು ಆರಿಸಿ ಇಟ್ಟಿದ್ದರು. ಅಂತರಪಟ ಹಿಡಿದು, ಮುಹೂರ್ತಕ್ಕೆ ಇನ್ನೂ ಹತ್ತು ನಿಮಿಷ ಇದೆ ಎಂದು ಪುರೋಹಿತರು ಗಡಿಯಾರ ನೋಡುತ್ತಿದ್ದಾಗ ನನ್ನ ಕೈ ನಡುಗಿ, ನೀರು ತುಳುಕಿ ಅಕ್ಕನ ಧಾರೆ ಸೀರೆಯ ಮೇಲೆ ಬಿತ್ತು. ಮದುಮಗಳು ತಲೆ ಎತ್ತುವಂತಿಲ್ಲ, ಮಾತಾಡುವಂತಿಲ್ಲ. ಅಕ್ಕ ತಲೆ ಎತ್ತದೆ, ತುಟಿ ಅಲುಗಿಸದೆ, ಹಲ್ಲಿನ ಸಂದಿಯಿಂದಲೇ ಹೇಳಿದಳು: “ನೆಟ್ಟಗೆ ಹಿಡಿಯೇ ಕತ್ತೆ.”

ನನಗೆ ಸಂದ ವಂದನಾರ್ಪಣೆ ಅಷ್ಟೇ. ಕಳಸಗಿತ್ತಿಗೆ ಸೀರೆ ಕೊಡುವುದು ವಾಡಿಕೆ; ಲಂಗ ಹಾಕುವ ಹುಡುಗಿಗೆ ಸೀರೆ ಯಾಕೆಂದು ಬಿಟ್ಟರೋ, ಗಡಿಬಿಡಿಯಲ್ಲಿ ಮರೆತರೋ, ಅದು ಬರಲೇ ಇಲ್ಲ. ಆಲ್ಬಮ್ಮಿನಲ್ಲಿ ಒಂದು ಕಡೆ ನನ್ನ ಮೊಣಕೈ ಇದೆ. ಆ ಫೋಟೋ ನೋಡಿದಾಗಲೆಲ್ಲ ಅದು ಯಾರದೆಂದು ಅಕ್ಕ ಕೇಳುತ್ತಾಳೆ.

ಇರಲಿ. ಕೊಟ್ಟ ಕೆಲಸವನ್ನು ಶ್ರದ್ಧೆಯಿಂದ ಮಾಡೋಣವೆಂದು ಈ ಪದ್ಧತಿಯ ಬುಡ ಹುಡುಕಿಕೊಂಡು ಹೋದೆ. ಹೋಗಿ ನಿಂತದ್ದು ಲಂಡನ್ನಿನ ಸೇಂಟ್ ಜೇಮ್ಸ್ ಅರಮನೆಯಲ್ಲಿ. 1840ರ ಫೆಬ್ರವರಿ 10ರಂದು ಅಲ್ಲಿ ವಿಕ್ಟೋರಿಯಾ ರಾಣಿಗೂ ಜರ್ಮನಿಯ ಆಲ್ಬರ್ಟ್‌ಗೂ ಮದುವೆ. ರಾಣಿಯ ಹಿಂದೆ ಹರಿದಾಡುವ ನಿಲುವಂಗಿಯ ಬಾಲವನ್ನು ಎತ್ತಿ ಹಿಡಿಯಲು ಹನ್ನೆರಡು ಜನ ಶ್ರೀಮಂತರ ಮನೆಯ ಹುಡುಗಿಯರು. ಹನ್ನೆರಡು ಜನ ಹಿಡಿಯುವಷ್ಟು ಉದ್ದ ಆ ಬಾಲಕ್ಕಿರಲಿಲ್ಲ. ಗುಂಪುಗೂಡಿ, ಒಬ್ಬರ ಹಿಮ್ಮಡಿಯನ್ನೊಬ್ಬರು ಒದ್ದುಕೊಂಡು ಎಡವುತ್ತ ನಡೆದೆವೆಂದು ಅವರಲ್ಲೇ ಒಬ್ಬಳು ಬರೆದಿಟ್ಟಿದ್ದಾಳೆ. ಓದಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, 1989ರಿಂದ ಹೊತ್ತಿದ್ದ ಚೊಂಬನ್ನು ಒಂದು ಕ್ಷಣ ಕೆಳಗಿಟ್ಟ ಹಾಗಾಯಿತು.

ಹಾಗೆ ಒದೆ ತಿಂದ ಹನ್ನೆರಡು ಜನಕ್ಕೂ ಒಂದೊಂದು ಬ್ರೂಚ್ ಸಿಕ್ಕಿತು. ವಿನ್ಯಾಸ ಖುದ್ದು ಮದುಮಗ ಆಲ್ಬರ್ಟನದು. ಹದ್ದಿನ ಆಕಾರ; ಮೈತುಂಬ ಫಿರೋಜಾ ಕಲ್ಲು, ಕಣ್ಣಿಗೆ ಮಾಣಿಕ್ಯ, ಕೊಕ್ಕಿಗೆ ವಜ್ರ, ಉಗುರಿನಲ್ಲಿ ಮುತ್ತು. ಒಂದು ಈಗಲೂ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಚೆಂದವೇ. ಆದರೆ ಮದುವೆಗೆ ಹದ್ದು ಯಾಕೆ? ಗಿಳಿ ಇರಲಿಲ್ಲವೆ, ಪಾರಿವಾಳ ಇರಲಿಲ್ಲವೆ? ಹದ್ದು ಕೋಬರ್ಗ್ ಮನೆತನದ ಲಾಂಛನ, ಅಂದರೆ ಗಂಡಿನ ಮನೆಯ ಗುರುತು. ಬಾಲ ಹಿಡಿದವರು ಹೆಣ್ಣಿನ ಕಡೆಯವರು; ಎದೆಗೆ ಚುಚ್ಚಿಕೊಂಡು ಮನೆಗೆ ಹೋದದ್ದು ಗಂಡಿನ ಮನೆಯ ಮೊಹರು. ಇಷ್ಟೆಲ್ಲ ಯೋಚನೆ ಮಾಡಿ ಕೊಟ್ಟ ಉಡುಗೊರೆಯಲ್ಲಿ ಯೋಚನೆ ಯಾರ ಬಗ್ಗೆ ಇತ್ತು ಎಂಬ ಅನುಮಾನ ನನಗೆ ಹುಟ್ಟಿದ್ದು ಅಲ್ಲಿ.

ಅನುಮಾನ ಗಟ್ಟಿಯಾದದ್ದು ಅವರ ಮರಿಮಗನ ಮಗಳ ಮದುವೆಯಲ್ಲಿ. 1947ರ ನವೆಂಬರ್ 20, ವೆಸ್ಟ್‌ಮಿನ್‌ಸ್ಟರ್ ಅಬೆ, ರಾಜಕುಮಾರಿ ಎಲಿಜಬೆತ್. ಇಂಗ್ಲೆಂಡಿನಲ್ಲಿ ಬಟ್ಟೆಗೂ ರೇಷನ್ ಇದ್ದ ಕಾಲ. ಎಂಟು ಜನ ಸಖಿಯರು. ನಮಗೆ ಸ್ವಾತಂತ್ರ್ಯ ಹಸ್ತಾಂತರಿಸಿ ಇನ್ನೂ ದೆಹಲಿಯಲ್ಲೇ ಇದ್ದ ಮೌಂಟ್‌ಬ್ಯಾಟನ್ನರ ಮಗಳು ಪಮೆಲಾ ಅವರಲ್ಲೊಬ್ಬಳು. ಮದುಮಗ ಫಿಲಿಪ್ ಎಂಟು ಜನಕ್ಕೂ ಬೆಳ್ಳಿಯ ಪೌಡರ್ ಡಬ್ಬಿ ಕೊಟ್ಟ. ಮುಚ್ಚಳದ ಮೇಲೆ ಏನು? ಕಿರೀಟ, ಅದರ ಕೆಳಗೆ ಹೆಣೆದುಕೊಂಡ ‘ಇ’ ಮತ್ತು ‘ಪಿ’. ಪಮೆಲಾ ಮೂಗಿಗೆ ಪೌಡರ್ ಹಚ್ಚಿಕೊಳ್ಳಲು ಹೊರಟಾಗಲೆಲ್ಲ ಮೊದಲು ಎಲಿಜಬೆತ್-ಫಿಲಿಪ್ ದಂಪತಿಯ ದರ್ಶನ ಮಾಡಿಯೇ ಮುಚ್ಚಳ ತೆರೆಯಬೇಕು.

ಅದೇ ಮದುವೆಗೆ ನಮ್ಮ ದೇಶದಿಂದಲೂ ಒಂದು ಉಡುಗೊರೆ ಹೋಗಿತ್ತು. ಗಾಂಧೀಜಿ ತಮ್ಮ ಕೈಯಾರೆ ನೂತ ನೂಲಿನಿಂದ ಹೆಣೆಸಿದ ಹತ್ತಿಯ ಲೇಸು. ಮದುಮಗಳ ಅಜ್ಜಿ ಕ್ವೀನ್ ಮೇರಿ ಅದನ್ನು ಗಾಂಧಿಯ ತುಂಡು ಪಂಚೆಯೆಂದೇ ತಿಳಿದು ಮುಖ ಸಿಂಡರಿಸಿದರಂತೆ. ಬೀಗರ ಉಡುಗೊರೆಯನ್ನು ಬೆಳಕಿಗೆ ಹಿಡಿದು ಮೂಗು ಮುರಿಯುವ ಅಜ್ಜಿಯರು ಅರಮನೆಯಲ್ಲೂ ಇರುತ್ತಾರೆಂದು ತಿಳಿದು ಖುಷಿಯಾಯಿತು. ಆ ಬಟ್ಟೆಯ ನಡುವೆಯೂ ಅಕ್ಷರ ಇತ್ತು ನೋಡಿ. ‘ಜೈ ಹಿಂದ್’. ಕೊಟ್ಟ ಮುದುಕನ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ.

ಇಷ್ಟು ಇತಿಹಾಸ ಕಟ್ಟಿಕೊಂಡು ನಾನು ಹೋದದ್ದು ಚಿಕ್ಕಪೇಟೆಗಲ್ಲ. ಅಲ್ಲಿ ಸಿಗುವುದು ಸಾಮಾನು. ಹುಡುಗಿಗೆ ಬೇಕಾಗಿದ್ದದ್ದು ‘ಕ್ಯುರೇಟೆಡ್ ಹ್ಯಾಂಪರ್’. ಕ್ಯುರೇಟ್ ಮಾಡುವುದೆಂದರೆ, ಬೇರೆ ಯಾರೋ ತಯಾರಿಸಿದ ಆರು ವಸ್ತುಗಳನ್ನು ಕೋಳಿಗೂಡಿನ ಹುಲ್ಲಿನಂಥ ಕಾಗದದ ಚೂರಿನ ಮೇಲೆ ಮಲಗಿಸುವುದು. ಈ ವಿದ್ಯೆಯಲ್ಲಿ ಪಳಗಿದ ಯುವತಿಯೊಬ್ಬಳು ಜಯನಗರದ ಕಡೆ ಅಂಗಡಿ ಇಟ್ಟಿದ್ದಳು. ಅಂಗಡಿ ಎಂದರೆ ಬೇಜಾರು ಮಾಡಿಕೊಳ್ಳುತ್ತಾಳೆ. ಸ್ಟುಡಿಯೋ.

ಮಾದರಿ ಡಬ್ಬಿ ತೆರೆದು ತೋರಿಸಿದಳು. ವಾಸನೆಯ ಮೇಣದಬತ್ತಿ ಒಂದು. ಕೂದಲಿಗೆ ಸ್ಯಾಟಿನ್ ರಬ್ಬರ್‌ಬ್ಯಾಂಡ್ ಒಂದು. ಮುಖಕ್ಕೆ ಅಂಟಿಸಿಕೊಳ್ಳುವ ಒದ್ದೆ ಕಾಗದ ಒಂದು. ಹಾಕಿಕೊಂಡರೆ ಯಕ್ಷಗಾನದಲ್ಲಿ ಬಣ್ಣ ಮುಗಿಯದ ವೇಷದ ಹಾಗೆ ಕಾಣುತ್ತದೆ. ಮುಚ್ಚಳವಿರುವ ಉದ್ದನೆ ಲೋಟ, ಒಂದು ಜೊತೆ ಝುಮ್ಕಿ, ನಾಲ್ಕು ಚಾಕೊಲೇಟು. ಎಲ್ಲದರ ಮೇಲೂ, ಚಾಕೊಲೇಟಿನ ಸುತ್ತುಕಾಗದವನ್ನೂ ಬಿಡದೆ, ಮದುವೆಯ ಹ್ಯಾಶ್‌ಟ್ಯಾಗ್. ನಮ್ಮ ಹುಡುಗಿಯ ಹ್ಯಾಶ್‌ಟ್ಯಾಗ್ ಆಗಲೇ ತಯಾರಾಗಿತ್ತು: ಮದುಮಗನ ಹೆಸರಿನ ತಲೆ, ಮದುಮಗಳ ಹೆಸರಿನ ಬಾಲ ಕೊಯ್ದು ಹೊಲಿದದ್ದು. ಒಟ್ಟಿಗೆ ಓದಿದರೆ ತೆಂಗಿನ ನುಸಿಪೀಡೆಗೆ ಹೊಡೆಯುವ ಔಷಧಿಯ ಹೆಸರಿನಂತಿತ್ತು.

“ಯಾರಿಗೆ ಕೊಡ್ತೀವೋ ಅವರ ಹೆಸರು ಹಾಕಿಸಬಹುದಾ?” ಎಂದು ಕೇಳಿದೆ.

ಸ್ಟುಡಿಯೋ ಒಡತಿ ನನ್ನನ್ನು ಕರುಣೆಯಿಂದ ನೋಡಿದಳು. “ಹಾಕಬಹುದು ಮೇಡಂ. ಆದ್ರೆ ನಿಮ್ಮ ಹ್ಯಾಶ್‌ಟ್ಯಾಗ್ ಆದ್ರೆ ಡಿಸೈನ್ ಒಂದೇ, ಫ್ರೀ. ಏಳು ಹೆಸರಾದ್ರೆ ಏಳು ಸೆಟಪ್. ಒಂದೊಂದು ಹೆಸರಿಗೆ ನೂರೈವತ್ತು ಎಕ್ಸ್‌ಟ್ರಾ.”

ನೋಡಿ, ಆಲ್ಬರ್ಟನಿಂದ ಹಿಡಿದು ನಮ್ಮ ಭಾವನವರೆಗೆ ಎಲ್ಲರೂ ಉಡುಗೊರೆಯ ಮೇಲೆ ತಮ್ಮದೇ ಗುರುತು ಒತ್ತಿದ್ದು ಅಹಂಕಾರಕ್ಕೆಂದು ನಾನು ತಪ್ಪು ತಿಳಿದಿದ್ದೆ. ಅಚ್ಚಿನ ಖರ್ಚು. ಕೊಡುವವರ ಹೆಸರು ಒಂದೇ ಇರುತ್ತದೆ, ತಗೊಳ್ಳುವವರದು ಹಲವು. ನಮ್ಮ ಹೆಸರು ಪುಕ್ಕಟೆ, ಅವರ ಹೆಸರಿಗೆ ನೂರೈವತ್ತು.

ಏಳು ನೂರೈವತ್ತು ಸಾವಿರದ ಐವತ್ತು. ಆಗಲಿ, ನಾನೇ ಕೊಡುತ್ತೇನೆಂದು ಹುಡುಗಿಗೆ ಫೋನ್ ಹಚ್ಚಿದೆ. “ಏಳು ಜನದ ಹೆಸರು ಇಂಗ್ಲಿಷಿನಲ್ಲಿ ಸರಿಯಾಗಿ ಬರೆದು ಕಳಿಸು.” ಒಂದು ಗಂಟೆ ಬಿಟ್ಟು ಉತ್ತರ ಬಂತು. ಮೂರು ಹೆಸರು ಸರಿಯಾಗಿದ್ದವು. ಇನ್ನಿಬ್ಬರದು ಕೊನೆಯಲ್ಲಿ ‘ಎ’ ಒಂದೋ ಎರಡೋ ಗೊತ್ತಿಲ್ಲ. ಕೇಳಿದರೆ ಸರ್ಪ್ರೈಸ್ ಹಾಳಾಗುತ್ತೆ. ಆರನೆಯವಳು ಇವಳ ಫೋನಿನಲ್ಲಿ ಆರು ವರ್ಷದಿಂದ ‘ಹಾಸ್ಟೆಲ್ ಚಿನ್ನು’. ಏಳನೆಯವಳ ಹೆಸರಿನ ಮುಂದೆ ಬರೆದಿದ್ದಳು: “ಇವ್ಳು ಡೌಟು. ನನ್ನ ರೀಲಿಗೆ ಲೈಕ್ ಕೊಡ್ತಿಲ್ಲ. ನಾಳೆ ಹೇಳ್ತೀನಿ.”

ಹ್ಯಾಶ್‌ಟ್ಯಾಗ್ ಇರಲಿ ಎಂದೆ ಸ್ಟುಡಿಯೋದವಳಿಗೆ. “ಎಂಟಕ್ಕಿಂತ ಕಡಿಮೆ ಮಾಡಲ್ಲ ಮೇಡಂ,” ಎಂದಳು ಅವಳು. ಎಂಟು ಹೇಳಿ, ಮುಂಗಡ ಕೊಟ್ಟು ಬಂದೆ. ಡಬ್ಬಿಗೆ ಸಾವಿರದ ನಾನೂರ ಐವತ್ತು.

ಹೆಸರಿನ ವಿಷಯದಲ್ಲಿ ನಮ್ಮ ಹಿರಿಯರೇನೂ ಸಂತರಲ್ಲ. ಪಾತ್ರೆ ಅಂಗಡಿಯಲ್ಲಿ ಕಿರ್ರೆನ್ನುವ ಯಂತ್ರ ಹಿಡಿದು ಸ್ಟೀಲಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಯುವವನ ಮುಂದೆ ಸರದಿ ನಿಂತ ಜನ ನಾವು. ನಮ್ಮ ಅಟ್ಟದ ಮೇಲೆ ಇವತ್ತಿಗೂ ನೊಣವಿನಕೆರೆಯ ಯಾರೋ ದಂಪತಿಯ ಹೆಸರಿರುವ ಕೊಳಗ ಇದೆ. ಅವರು ಯಾರೆಂದು ಅಮ್ಮನಿಗೂ ನೆನಪಿಲ್ಲ. ಆದರೆ ಆ ಹೆಸರಿಗೊಂದು ಕೆಲಸ ಇತ್ತು. ಊರಿನಲ್ಲಿ ಯಾರ ಮನೆಯ ಕಾರ್ಯವಾದರೂ ಪಾತ್ರೆ ಹತ್ತು ಮನೆ ತಿರುಗುತ್ತಿತ್ತು. ತೊಳೆದು ರಾಶಿ ಹಾಕಿದಾಗ ಯಾವುದು ಎಲ್ಲಿಗೆ ಹೋಗಬೇಕೆಂದು ಹೆಸರು ಹೇಳುತ್ತಿತ್ತು. ಕೊಟ್ಟವರ ನೆನಪೂ ಆಯಿತು, ಕಳವೂ ತಪ್ಪಿತು. ಮದುವೆಮನೆ ಬಾಗಿಲಲ್ಲಿ ನೋಟ್‌ಬುಕ್ ಇಟ್ಟುಕೊಂಡು ಮುಯ್ಯಿ ಬರೆಯುವವರು ಕೂರುತ್ತಿದ್ದದ್ದೂ ಇದೇ ಶಿಸ್ತಿನಿಂದ. ಇಂಥವರು, ಇಷ್ಟು. ನಾಳೆ ಅವರ ಮನೆಯಲ್ಲಿ ಮದುವೆಯಾದಾಗ ಹಳೇ ನೋಟ್‌ಬುಕ್ ತೆಗೆದು, ಅಷ್ಟಕ್ಕೆ ಇನ್ನೊಂದಿಷ್ಟು ಸೇರಿಸಿ ಕೊಟ್ಟು ಬರಬೇಕು. ಕನ್ನಡದಲ್ಲಿ ಉಡುಗೊರೆಗೂ ಮುಯ್ಯಿ, ಸೇಡಿಗೂ ಮುಯ್ಯಿ. ಒಂದೇ ಪದದಲ್ಲಿ ಎರಡನ್ನೂ ಮುಗಿಸಿದ ಪುಣ್ಯಾತ್ಮ ಹತ್ತಾರು ಮದುವೆ ಉಂಡವನೇ ಇರಬೇಕು.

ಹ್ಯಾಂಪರನ್ನೂ ನಾವು ಹೊಸದಾಗಿ ಕಲಿಯಬೇಕಿರಲಿಲ್ಲ. ಗೌರಿ ಹಬ್ಬದ ಮೊರದ ಬಾಗಿನ ನೆನೆಸಿಕೊಳ್ಳಿ: ಕೆಳಗೊಂದು ಮೊರ, ಮೇಲೆ ಮುಚ್ಚಳಕ್ಕೆ ಇನ್ನೊಂದು, ಒಳಗೆ ಅರಿಶಿನ, ಕುಂಕುಮ, ಬಳೆ, ಕನ್ನಡಿ, ಬಾಚಣಿಗೆ, ರವಿಕೆ ಕಣ, ಕಾಯಿ, ಬೆಲ್ಲ, ಬೇಳೆ, ಅಕ್ಕಿ. ಅಲಂಕಾರದ ಸಾಮಾನೂ ಇದೆ, ನಾಳೆಯ ಸಾರಿಗೆ ಬೇಳೆಯೂ ಇದೆ. ಡಬ್ಬಿಯೇ ಅಕ್ಕಿ ಕೇರಲು ಬರುತ್ತದೆ. ಒಂದು ಕಡೆಯೂ ಹೆಸರಿಲ್ಲ. ಕೃಷ್ಣರಾಜಸಾಗರದಲ್ಲಿ ನೀರು 124.80 ಅಡಿ ಮುಟ್ಟಿದಾಗ ನಮ್ಮ ಮುಖ್ಯಮಂತ್ರಿಗಳು ಕಾವೇರಿಗೆ ಬಾಗಿನ ಬಿಡುತ್ತಾರಲ್ಲ, ಅವರು ಕೂಡ ಮೊರದ ಮೇಲೆ ತಮ್ಮ ಹೆಸರು ಬರೆಸುವುದಿಲ್ಲ. ಅದಕ್ಕೆಂದೇ ಮರುದಿನದ ಪತ್ರಿಕೆಯಲ್ಲಿ ಪೂರ್ತಿ ಪುಟ ಇರುತ್ತದೆ, ಆ ಮಾತು ಬೇರೆ.

ಮಂಗಳೂರಿನ ನನ್ನ ಕ್ರೈಸ್ತ ಗೆಳತಿಗೆ ಈ ಡಬ್ಬಿಯ ಕತೆ ಹೇಳಿದೆ. ಅವರಲ್ಲಿ ಮದುಮಗಳ ಜೊತೆಗಾರ್ತಿಗೆ ಕೊಂಕಣಿಯಲ್ಲಿ ಧೆಡಿ ಎನ್ನುತ್ತಾರೆ. ಬೆಂಗಳೂರಿಗೆ ಬ್ರೈಡ್ಸ್‌ಮೇಡ್ ಬರುವ ಎಷ್ಟೋ ಮೊದಲಿನಿಂದ ಇದ್ದ ಹುದ್ದೆ. ಮುಂಚಿನ ದಿನ ರೋಸ್ ಶಾಸ್ತ್ರ, ಮದುಮಗಳಿಗೆ ತೆಂಗಿನಹಾಲು ಹಚ್ಚಿ ಮೀಯಿಸುವುದು. “ನಾಲ್ಕು ಸಲ ಧೆಡಿ ಆಗಿದ್ದೇನೆ ಮಾರಾಯ್ತಿ,” ಎಂದಳು ಅವಳು, “ಅದಕ್ಕೆ ಬೇಕಾದ್ದು ಗಟ್ಟಿ ಕಾಲು. ಬ್ಯಾಗಿನಲ್ಲಿ ನಾಲ್ಕು ಸೇಫ್ಟಿ ಪಿನ್ನು.”

ನಮ್ಮ ಏಳು ಜನಕ್ಕೆ ಬೇಕಾಗಿದ್ದದ್ದು ಗಟ್ಟಿ ಬ್ಯಾಂಕ್ ಖಾತೆ. ಇದು ನನಗೆ ಗೊತ್ತಾದದ್ದು ಮೆಹೆಂದಿಯ ದಿನ, ‘ಹಾಸ್ಟೆಲ್ ಚಿನ್ನು’ವಿನಿಂದ. ಎರಡೂ ಕೈಗೆ ಗೋರಂಟಿ ಹಚ್ಚಿಸಿಕೊಂಡು ಕೂತಿದ್ದಳು. ಫೋನ್ ಮುಟ್ಟುವಂತಿಲ್ಲ, ಹಾಗಾಗಿ ಮನುಷ್ಯರ ಜೊತೆ ಮಾತಾಡುವ ಸ್ಥಿತಿಯಲ್ಲಿದ್ದಳು. ಅವಳ ಬಾಯಿಗೆ ಮೈಸೂರುಪಾಕು ಇಡುತ್ತ ಕೇಳಿದೆ. ಲೆಹೆಂಗಾ ಒಂಬತ್ತು ಸಾವಿರ. ಬಣ್ಣ ಮದುಮಗಳದು, ದುಡ್ಡು ಇವಳದು. ಮೂರು ದಿನದ ಮೇಕಪ್ಪು ಆರು ಸಾವಿರ. ಸಂಗೀತದ ಕುಣಿತ ಕಲಿಸಿದ ಮಾಸ್ತರಿಗೆ ಎರಡೂವರೆ ಸಾವಿರ. ಎಲ್ಲ ಸೇರಿ ಮದುಮಗಳಿಗೆ ಕೊಟ್ಟ ಉಡುಗೊರೆಯಲ್ಲಿ ಇವಳ ಪಾಲು ಐದು ಸಾವಿರ. ಬ್ಯಾಚಲರೆಟ್ ಪ್ರವಾಸಕ್ಕೆ ಗೋಕರ್ಣ, ಹನ್ನೊಂದು ಸಾವಿರ. ಈ ಗೋಕರ್ಣದ ವಿಷಯ ನನಗೆ ಗೊತ್ತಿತ್ತು. ಮಗಳು ಗೆಳತಿಯರ ಜೊತೆ ಮದುವೆಗೆ ಮುಂಚೆ ಗೋಕರ್ಣಕ್ಕೆ ಹೊರಟಿದ್ದಾಳೆಂದು ತಿಳಿದು ಅಕ್ಕನ ಕಣ್ಣು ಒದ್ದೆಯಾಗಿ, ಮಹಾಬಲೇಶ್ವರನಿಗೆ ಅಭಿಷೇಕ ಮಾಡಿಸಲು ನೂರ ಒಂದು ರೂಪಾಯಿ ಕೊಟ್ಟು ಕಳಿಸಿದ್ದಳು. ಅಭಿಷೇಕವೇನೋ ಆಯಿತಂತೆ, ಓಂ ಬೀಚಿನಲ್ಲಿ. ಯಾರಿಗೆ, ಯಾವುದರಿಂದ ಎಂದು ನಾನು ಕೇಳಲಿಲ್ಲ.

ಒಟ್ಟು ಮೂವತ್ತಮೂರು ಸಾವಿರದ ಐನೂರು. ನಮ್ಮ ಕೃತಜ್ಞತೆ ಸಾವಿರದ ನಾನೂರ ಐವತ್ತು. ಇದನ್ನು ಬ್ಯಾಂಕಿನವರು ಮಾಡಿದರೆ ನಾವು ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ.

“ಮತ್ಯಾಕಮ್ಮ ಒಪ್ಕೊಂಡೆ?”

“ಆಂಟಿ, ಮುಂದಿನ ವರ್ಷ ನಂದಿದೆಯಲ್ಲ,” ಎಂದು ನಕ್ಕಳು. ಮುಯ್ಯಿ ಬರೆಯುವ ನೋಟ್‌ಬುಕ್ಕು ಎಲ್ಲಿಯೂ ಹೋಗಿಲ್ಲವೆಂದು ತಿಳಿದು ಅಮ್ಮ ಸಂತೋಷಪಟ್ಟರು.

ಸರ್ಕಾರವೂ ಈ ವಿಷಯದಲ್ಲಿ ಭಾವುಕವಾಗಿಲ್ಲ. ನಿಮ್ಮ ಮದುವೆಗೆ ನಿಮಗೆ ಬಂದ ಉಡುಗೊರೆಗೆ ಆದಾಯ ತೆರಿಗೆ ಇಲ್ಲ. ಕೋಟಿ ಬಂದರೂ ಇಲ್ಲ. ಆದರೆ ಮದುಮಗಳು ತನ್ನ ಗೆಳತಿಗೆ ಚಿನ್ನದ ಸರ ಕೊಟ್ಟಳೆನ್ನಿ. ಮದುವೆ ಗೆಳತಿಯದಲ್ಲವಲ್ಲ, ಆ ವಿನಾಯಿತಿ ಅವಳಿಗಿಲ್ಲ. ಗೆಳತಿ ಎಂಬವಳು ಕಾನೂನಿನ ಪ್ರಕಾರ ಸಂಬಂಧಿಯೂ ಅಲ್ಲ. ಹೀಗೆ ಬಂದದ್ದೆಲ್ಲ ವರ್ಷಕ್ಕೆ 50,000 ರೂಪಾಯಿ ದಾಟಿದರೆ ಪೂರ್ತಿ ಮೊತ್ತ ಅವಳ ಆದಾಯ. “ನಾವು ಸಿಸ್ಟರ್ಸ್‌ಗಿಂತ ಹೆಚ್ಚು” ಎಂದು ಫೋಟೋದ ಕೆಳಗೆ ಬರೆದುಕೊಂಡದ್ದನ್ನು ತೆರಿಗೆ ಇಲಾಖೆ ಒಪ್ಪುವುದಿಲ್ಲ. ವಾಸನೆಯ ಮೇಣದಬತ್ತಿ ಕೊಡುವ ಪದ್ಧತಿಯಲ್ಲಿ ಗೆಳತಿಯನ್ನು ನೋಟೀಸಿನಿಂದ ಕಾಪಾಡುವ ಕಾಳಜಿಯೂ ಇದ್ದೀತೆಂದು ನನಗೆ ಹೊಳೆದದ್ದು ಆಗಲೇ.

ಡಬ್ಬಿ ಕೊಡುವ ಶಾಸ್ತ್ರ ಚಪ್ಪರದ ದಿನ ಸಂಜೆ. ಅಮೆರಿಕದಲ್ಲಿ ಮದುವೆಯ ಹಿಂದಿನ ರಾತ್ರಿ ರಿಹರ್ಸಲ್ ಊಟ ಎಂದು ಒಂದಿರುತ್ತದೆ, ಸಖಿಯರಿಗೆ ಉಡುಗೊರೆ ಕೊಡುವುದು ಸಾಮಾನ್ಯವಾಗಿ ಅಲ್ಲಿ. ನಮ್ಮ ಮದುವೆಗಳಿಗೆ ರಿಹರ್ಸಲ್ ಇಲ್ಲ, ನೇರ ಪ್ರಯೋಗ. ಆದರೆ ಡಬ್ಬಿ ಕೊಡುವುದಕ್ಕೆ ಮಾತ್ರ ರಿಹರ್ಸಲ್ ಆಯಿತು. ಮೊದಲ ಸಲ ಕೊಟ್ಟಾಗ ಬೆಳಕು ಸರಿ ಇರಲಿಲ್ಲ. ಡಬ್ಬಿಗಳನ್ನು ವಾಪಸು ತಗೊಂಡು, ರಿಬ್ಬನ್ ಮತ್ತೆ ಕಟ್ಟಿ, ಇನ್ನೊಮ್ಮೆ ಕೊಟ್ಟರು. ಆಗ ಇಬ್ಬರು ಅಳಲಿಲ್ಲ. ಮೂರನೆಯ ಸಲ ಏಳೂ ಜನ ಏಕಕಾಲಕ್ಕೆ ಬಾಯಿ ಮುಚ್ಚಿಕೊಂಡು, ಒಳಗೆ ಏನಿದೆಯೆಂದು ಮೂರನೆಯ ಬಾರಿ ನೋಡಿ, ಆಶ್ಚರ್ಯದಿಂದ ಕಿರುಚಿದರು. ಡೌಟು ಎನಿಸಿಕೊಂಡಿದ್ದ ಏಳನೆಯವಳೇ ಎಲ್ಲರಿಗಿಂತ ಚೆನ್ನಾಗಿ ಅತ್ತಳು. ಕ್ಯಾಮೆರಾದವನು ಹೆಬ್ಬೆಟ್ಟು ತೋರಿಸಿದ. 2011ರ ‘ಬ್ರೈಡ್ಸ್‌ಮೇಡ್ಸ್’ ಎಂಬ ಹಾಲಿವುಡ್ ಸಿನಿಮಾದಲ್ಲಿ ಇಂಥದ್ದೇ ಒಂದು ಸಮಾರಂಭಕ್ಕೆ ಬಂದವರಿಗೆಲ್ಲ ಒಂದೊಂದು ನಾಯಿಮರಿ ಕೊಟ್ಟು ಕಳಿಸುತ್ತಾರೆ. ನೋಡಿದಾಗ ಅತಿಯಾಯಿತು ಅನ್ನಿಸಿತ್ತು. ಈಗ ಯೋಚಿಸಿದರೆ ಅದರಲ್ಲೂ ಒಂದು ಮರ್ಯಾದೆ ಇತ್ತು. ನಾಯಿಯ ಮೇಲೆ ಮದುಮಗಳ ಹೆಸರು ಅಚ್ಚು ಹಾಕಿರಲಿಲ್ಲ.

ಮರುದಿನ ಧಾರೆ. ಏಳು ಜನ ಎಲ್ಲಿ? ರಾತ್ರಿ ಎರಡರವರೆಗೆ ಕುಣಿದಿದ್ದರು. ಮುಹೂರ್ತ ಬೆಳಗಿನ ಆರೂ ನಲವತ್ತು. ಮದುಮಗಳ ಹಿಂದೆ ಕಳಸ ಹಿಡಿಯಲು ಯಾರೂ ಇಲ್ಲವೆಂದು ಪುರೋಹಿತರು ಕೂಗು ಹಾಕಿದಾಗ ಹನ್ನೊಂದು ವರ್ಷದ ಒಬ್ಬ ಸೋದರಳಿಯನನ್ನು ಎಳೆದು ತಂದರು. “ಗಂಡು ಹುಡುಗ ಆಗಲ್ಲ,” ಎಂದರು ಪುರೋಹಿತರು. ಹಾಗಾಗಿ ಐವತ್ತು ದಾಟಿದ, ಮೊಣಕಾಲು ನೋವಿರುವ ನಾನೇ ನಿಂತೆ. ಈ ಸಲ ನೀರು ತುಳುಕಲಿಲ್ಲ. ಚೊಂಬೂ ಈಗ ಹಗುರ, ಕಾಯಿಯೂ ಸಣ್ಣದು. ಫೋಟೋದಲ್ಲಿ ಬಂದಿದ್ದೇನೋ ಇಲ್ಲವೋ ಇನ್ನೂ ಗೊತ್ತಿಲ್ಲ. ಡ್ರೋನಿನವನು ಮೇಲಿಂದ ತೆಗೆದಿದ್ದಾನಂತೆ, ಬೋಳಾಗುತ್ತಿರುವ ನೆತ್ತಿ ಕಂಡರೂ ಕಂಡೀತು.

ಮೂರು ದಿನದ ಮೇಲೆ ಅಕ್ಕನ ಮನೆಯಲ್ಲಿ ಉಳಿದ ಸಾಮಾನು ವಿಂಗಡಿಸುತ್ತ ಕೂತಿದ್ದೆವು. ಮಿಕ್ಕ ತಾಂಬೂಲದ ಚೀಲ ಒಂದು ಕಡೆ, ಯಾರೂ ಹೊಲಿಸದ ರವಿಕೆ ಕಣ ಒಂದು ಕಡೆ. ಮಂಚದ ಕೆಳಗಿನಿಂದ ಎಂಟನೇ ಡಬ್ಬಿ ಬಂತು. ಅಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಅಲ್ವೇ, ನನ್ ಮದ್ವೇಲಿ ಕಳಸ ಹಿಡ್ದಿದ್ದೋಳು ನೀನಲ್ವಾ?”

“ಹೂಂ.”

“ನಿಂಗೇನಾದ್ರೂ ಕೊಟ್ಟಿದ್ವಾ?”

“ಕತ್ತೆ ಅಂದಿದ್ದೆ.”

“ಅಯ್ಯೋ,” ಎಂದು ಡಬ್ಬಿಯನ್ನು ನನ್ನ ಮಡಿಲಿಗೆ ಇಟ್ಟಳು. “ತಗೋ, ನಿಂದಿದು.”

ರಿಬ್ಬನ್ ಬಿಚ್ಚಿದೆ. ಮೇಲೆಯೇ ಒಂದು ಕಾರ್ಡು. ನೀನಿಲ್ಲದೆ ಈ ದಿನ ಸಾಧ್ಯವೇ ಇರಲಿಲ್ಲ ಎಂದು ಬಂಗಾರದ ಬಣ್ಣದ ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚಾಗಿತ್ತು. ತಲೆಯಲ್ಲಿ ‘ಡಿಯರ್’, ಅದರ ಮುಂದೆ ಖಾಲಿ ಗೆರೆ.

“ಇಲ್ಲಿ ನನ್ನ ಹೆಸರು ಬರೀಬೇಕು,” ಎಂದೆ.

“ನಿನ್ನ ಹೆಸ್ರು ನಂಗೊತ್ತಿಲ್ವೇನೇ, ಬರೀಬೇಕಾ?” ಎಂದು ಅಕ್ಕ ಕಾರ್ಡನ್ನು ಪಕ್ಕಕ್ಕಿಟ್ಟು, ಒಳಗೆ ಕೈ ಹಾಕಿದಳು. “ಮೇಣದಬತ್ತಿ ನನಗಿರ್ಲಿ, ಕರೆಂಟು ಹೋದಾಗ ಬೇಕಾಗುತ್ತೆ.” ಲೋಟ ಭಾವನ ವಾಕಿಂಗಿಗೆ. ಝುಮ್ಕಿಯನ್ನೂ ಮುಖದ ಕಾಗದವನ್ನೂ ಕೆಲಸದಾಕೆಯನ್ನು ಕರೆದು ಅವಳ ಮಗಳಿಗೆಂದು ಕೊಟ್ಟಳು. ಅವಳು ಕಾಗದವನ್ನು ಹಿಂದೆ ಮುಂದೆ ನೋಡಿ, “ಡಬ್ಬಿ?” ಎಂದಳು. “ಡಬ್ಬಿ ಇವ್ಳದು ಕಣೇ,” ಎಂದಳು ಅಕ್ಕ. ಚಾಕೊಲೇಟನ್ನು ಅಮ್ಮ ಆಗಲೇ ತಿಂದಾಗಿತ್ತು.

ಡಬ್ಬಿ ಗಟ್ಟಿಮುಟ್ಟಾಗಿದೆ, ಮುಚ್ಚಳಕ್ಕೆ ಆಯಸ್ಕಾಂತ ಬೇರೆ ಇದೆ. ಸೂಜಿ ದಾರ ಇಟ್ಟುಕೊಂಡಿದ್ದೇನೆ. ಸೂಜಿಗಳು ತಾವಾಗಿಯೇ ಹೋಗಿ ಮುಚ್ಚಳಕ್ಕೆ ಅಂಟಿಕೊಳ್ಳುತ್ತವೆ.